ಅತ್ತೆಯವರ ಜೊತೆ ಕಿನೊಸಾಕಿಯ ಬಿಸಿನೀರಿನ ಊರಿಗೆ ಹೋಗಬಹುದಾ?

ಪ್ರಶ್ನೆ: ಮಗ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ನವೆಂಬರ್‌ನಲ್ಲಿ ನಾನು, ನಮ್ಮ ಯಜಮಾನರು ಮತ್ತು 71 ವರ್ಷದ ಅತ್ತೆ ಅವನ ಹತ್ತಿರ ಹೋಗುತ್ತಿದ್ದೇವೆ. ಕಿನೊಸಾಕಿ ಅನ್ನುವ ಬಿಸಿನೀರಿನ ಬುಗ್ಗೆಗಳ ಊರಿಗೆ ಒಂದು ರಾತ್ರಿಯ ಮಟ್ಟಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾನೆ. ಅಲ್ಲಿ ಬಟ್ಟೆ ಇಲ್ಲದೆ ಬೇರೆಯವರ ಜೊತೆ ಸ್ನಾನ ಮಾಡಬೇಕಂತೆ. ನಾವು ಮೊಟ್ಟೆಯನ್ನೂ ತಿನ್ನದವರು. ಅತ್ತೆಗೆ ಬಿಪಿ ಇದೆ, ಮಂಡಿ ನೋವೂ ಇದೆ. ಹೋಗುವುದು ಸರಿಯಾ? ಹೋದರೆ ಏನೇನು ಗಮನದಲ್ಲಿ ಇಟ್ಟುಕೊಳ್ಳಬೇಕು? – ಓದುಗರೊಬ್ಬರು, ಮೈಸೂರು

ಉತ್ತರ:

ಖಂಡಿತ ಹೋಗಿ ಬನ್ನಿ. ಅತ್ತೆಯವರನ್ನೂ ಕರೆದುಕೊಂಡೇ ಹೋಗಿ. ಆದರೆ ಎರಡು ವಿಷಯ ಈಗಲೇ ತೀರ್ಮಾನ ಆಗಬೇಕು. ಒಂದು, ಯಾವ ತಾರೀಕಿಗೆ ಹೋಗುತ್ತೀರಿ ಎಂಬುದು. ಇನ್ನೊಂದು, ರಾತ್ರಿ ಊಟಕ್ಕೆ ಏನು ಮಾಡುತ್ತೀರಿ ಎಂಬುದು. ಸ್ನಾನದ ಸಂಕೋಚ ಅಲ್ಲಿಗೆ ಹೋದ ಮೇಲೆ ಹೇಗೋ ಬಗೆಹರಿಯುತ್ತದೆ. ಊಟದ ವಿಷಯ ಹಾಗೆ ಬಗೆಹರಿಯುವುದಿಲ್ಲ.

ಮೊದಲು ಊರಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಅದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಕಿನೊಸಾಕಿ ಇರುವುದು ಹ್ಯೋಗೊ ಪ್ರಾಂತ್ಯದ ಉತ್ತರದ ತುದಿಯಲ್ಲಿ, ಜಪಾನ್ ಸಮುದ್ರಕ್ಕೆ ಹತ್ತಿರ. ಆಡಳಿತದ ಲೆಕ್ಕದಲ್ಲಿ ತೊಯೊಒಕಾ ನಗರಕ್ಕೆ ಸೇರಿದೆ. ಊರಿನ ನಡುವೆ ಒಂದು ಸಣ್ಣ ಹೊಳೆ. ಅದರ ಎರಡೂ ದಡದಲ್ಲಿ ಜೋಲು ಕೊಂಬೆಯ ಮರಗಳು, ಮೇಲೆ ಕಮಾನಿನ ಪುಟ್ಟ ಕಲ್ಲು ಸೇತುವೆಗಳು, ಪಕ್ಕದಲ್ಲಿ ಎರಡು ಮೂರು ಅಂತಸ್ತಿನ ಮರದ ಮನೆಗಳು. ಆ ಮನೆಗಳಲ್ಲಿ ಹೆಚ್ಚಿನವು ರ್ಯೋಕಾನ್, ಅಂದರೆ ಜಪಾನಿನ ಹಳೇ ಪದ್ಧತಿಯ ವಸತಿಗೃಹಗಳು. ಊರಿನ ಉದ್ದಕ್ಕೂ ಏಳು ಸಾರ್ವಜನಿಕ ಸ್ನಾನಗೃಹಗಳಿವೆ: ಸಾತೊನೊಯು, ಜಿಜೊಯು, ಯಾನಾಗಿಯು, ಇಚಿನೊಯು, ಗೊಶೊನೊಯು, ಮಂದಾರಯು, ಕೋನೊಯು. ಊರಿನ ರ್ಯೋಕಾನ್‌ನಲ್ಲಿ ತಂಗಿದವರಿಗೆ ಇವೆಲ್ಲ ಉಚಿತ. ತಂಗುವ ಜಾಗದಲ್ಲೇ ಒಂದು ಪಾಸ್ ಕೊಡುತ್ತಾರೆ.

ಆ ಊರಿನವರು ಒಂದು ಮಾತು ಹೇಳುತ್ತಾರೆ: ರೈಲು ನಿಲ್ದಾಣವೇ ಹೆಬ್ಬಾಗಿಲು, ಬೀದಿಗಳೇ ಮನೆಯ ಓಣಿ, ರ್ಯೋಕಾನ್‌ಗಳೇ ಕೋಣೆ, ಏಳು ಸ್ನಾನಗೃಹಗಳೇ ಬಚ್ಚಲುಮನೆ. ಊರೆಲ್ಲ ಸೇರಿ ಒಂದೇ ಮನೆ ಅಂತ. ಇದು ಸುಮ್ನೆ ಪ್ರಚಾರಕ್ಕೆ ಕಟ್ಟಿದ ಮಾತಲ್ಲ. ಇದರ ಹಿಂದೆ ಒಂದು ದೊಡ್ಡ ಜಗಳವೇ ಇದೆ. ಹಿಂದೆ ಇಲ್ಲಿನ ರ್ಯೋಕಾನ್‌ಗಳ ಒಳಗೆ ಬಿಸಿನೀರಿನ ಕೊಳ ಇರಲಿಲ್ಲ. ಎಲ್ಲ ಅತಿಥಿಗಳೂ ಬೀದಿಗಿಳಿದು ಊರಿನ ಸ್ನಾನಗೃಹಕ್ಕೇ ಹೋಗಬೇಕಿತ್ತು. 1927ರಲ್ಲಿ ಒಂದು ರ್ಯೋಕಾನ್ ತನ್ನ ಒಳಗೇ ಕೊಳ ಮಾಡಲು ಹೊರಟಿತು. ಊರಿನವರು ಒಪ್ಪಲಿಲ್ಲ, ವಿಷಯ ಕೋರ್ಟಿಗೆ ಹೋಯಿತು. 1950ರಲ್ಲಿ ರಾಜಿಯಾಯಿತು. ಒಳಗೆ ಕೊಳ ಇರಬಹುದು, ಆದರೆ ಇಷ್ಟೇ ದೊಡ್ಡದು ಅಂತ ಮಿತಿ ಬಂತು. ಅತಿಥಿಗಳು ಒಳಗೇ ಕೂತರೆ ಬೀದಿಯ ಅಂಗಡಿಗಳೂ ಸಣ್ಣ ವಸತಿಗೃಹಗಳೂ ಸೊರಗುತ್ತವೆ ಎಂಬುದು ಅವರ ಆತಂಕ. ಇವತ್ತೂ ಸಂಜೆಯಾದರೆ ಊರಿನ ಬೀದಿಯಲ್ಲಿ ಜನ ತುಂಬಿರುವುದಕ್ಕೆ ಆ ತೀರ್ಮಾನವೇ ಕಾರಣ.

ನನ್ನ ಸಲಹೆಯ ತಿರುಳೂ ಇದೇ. ಕಿನೊಸಾಕಿಗೆ ಹೋಗಿ ಕೋಣೆಯಲ್ಲಿ ಕೂರಬೇಡಿ. ದೊಡ್ಡ ಹೋಟೆಲ್, ದೊಡ್ಡ ಕೊಳ ಹುಡುಕಿ ದುಡ್ಡು ಹಾಕಬೇಡಿ. ಸಾಧಾರಣ, ಚೊಕ್ಕದಾದ ರ್ಯೋಕಾನ್ ಸಾಕು. ಸಂಜೆ ಯುಕಾತ ಉಟ್ಟುಕೊಂಡು ಬೀದಿಗಿಳಿಯಿರಿ. ಅತ್ತೆಯವರು ಒಂದು ಸಲವೂ ಕೊಳಕ್ಕೆ ಇಳಿಯದೇ ಇದ್ದರೂ ಈ ಊರು ಅವರಿಗೆ ಹಿಡಿಸುತ್ತದೆ.

ಯುಕಾತ ಅಂದರೆ ತೆಳುವಾದ ಹತ್ತಿಯ ನಿಲುವಂಗಿ. ರ್ಯೋಕಾನ್‌ನವರೇ ಕೊಡುತ್ತಾರೆ. ಉಡುವಾಗ ಬಲಗಡೆಯ ಅಂಚು ಒಳಗೆ ಹೋಗಬೇಕು, ಎಡಗಡೆಯದು ಮೇಲೆ ಬರಬೇಕು. ತಿರುಗಾಮುರುಗಾ ಮಾಡಬೇಡಿ. ಬಲಗಡೆಯದನ್ನು ಮೇಲೆ ತರುವುದು ಹೆಣಕ್ಕೆ ಉಡಿಸುವ ಕ್ರಮ. ಒಳಗೆ ಒಳಉಡುಪು ಹಾಕಿಕೊಳ್ಳಬಹುದು. ನವೆಂಬರ್ ಆದ್ದರಿಂದ ಮೈಗಂಟುವ ಥರ್ಮಲ್ ಕೂಡ ಹಾಕಿಕೊಳ್ಳಿ. ಮೇಲೆ ಹೊದೆಯಲು ಒಂದು ಗಿಡ್ಡ ಕೋಟು ಅವರೇ ಕೊಡುತ್ತಾರೆ. ಕಾಲಿಗೆ ಗೆತಾ ಅನ್ನುವ ಮರದ ಮೆಟ್ಟು ಇಟ್ಟಿರುತ್ತಾರೆ. ಕಲ್ಲು ಹಾಸಿನ ಮೇಲೆ ಟಕ್ ಟಕ್ ಅಂತ ನಡೆಯುವ ಸದ್ದು ಈ ಊರಿನ ಗುರುತು. ಆದರೆ ಮಂಡಿ ನೋವಿರುವ ಅತ್ತೆಯವರಿಗೆ ಅದು ಬೇಡವೇ ಬೇಡ. ಅವರು ತಮ್ಮ ಶೂ ಹಾಕಿಕೊಂಡೇ ಓಡಾಡಲಿ, ಯಾರೂ ಏನೂ ಅನ್ನುವುದಿಲ್ಲ.

ಈಗ ನಿಮ್ಮ ಮುಖ್ಯ ಅಳುಕಿಗೆ ಬರೋಣ. ಹೌದು, ಬಟ್ಟೆ ಇಲ್ಲದೆಯೇ ಇಳಿಯಬೇಕು. ಈಜುಡುಗೆಗೂ ಅವಕಾಶ ಇಲ್ಲ. ಆದರೆ ಹೆಂಗಸರ ಕಡೆ ಹೆಂಗಸರೇ, ಗಂಡಸರ ಕಡೆ ಗಂಡಸರೇ. ಬಾಗಿಲು ಬೇರೆ, ಗೋಡೆ ಬೇರೆ, ಕೊಳ ಬೇರೆ. ಬಾಗಿಲಿಗೆ ಪರದೆ ಹಾಕಿರುತ್ತಾರೆ. ಸಾಮಾನ್ಯವಾಗಿ ಕೆಂಪು ಹೆಂಗಸರದ್ದು, ನೀಲಿ ಗಂಡಸರದ್ದು. ಬಣ್ಣವನ್ನೇ ನಂಬಬೇಡಿ. ಪರದೆಯ ಮೇಲೆ ಹೆಂಗಸರು, ಗಂಡಸರು ಅಂತ ಬರೆದಿರುವ ಜಪಾನಿ ಅಕ್ಷರ ಎರಡನ್ನೂ ಮಗ ಒಂದು ಚೀಟಿಯಲ್ಲಿ ಬರೆದುಕೊಡಲಿ. ಒಳಗೆ ಹೋದ ಮೇಲೆ ಫೋನ್ ತೆಗೆಯುವ ಹಾಗಿಲ್ಲ, ಅದು ಕಟ್ಟುನಿಟ್ಟು.

ಒಳಗೆ ನಡೆಯುವುದು ಹೀಗೆ. ಮೊದಲ ಕೋಣೆಯಲ್ಲಿ ಬಟ್ಟೆ ಬಿಚ್ಚಿ ಲಾಕರ್‌ನಲ್ಲಿ ಇಡುತ್ತೀರಿ. ಕೈಯಲ್ಲಿ ಒಂದು ಸಣ್ಣ ಟವೆಲ್ ಮಾತ್ರ ಇರುತ್ತದೆ. ಹೆಚ್ಚಿನ ಹೆಂಗಸರು ಅದನ್ನೇ ಮುಂದೆ ಹಿಡಿದುಕೊಂಡು ನಡೆಯುತ್ತಾರೆ. ಗಾಜಿನ ಬಾಗಿಲು ಸರಿಸಿದರೆ ಹಬೆ. ಗೋಡೆಯ ಉದ್ದಕ್ಕೆ ಸಾಲಾಗಿ ನಲ್ಲಿ, ಕೈ ಶವರ್, ಮುಂದೆ ಮೊಣಕಾಲೆತ್ತರದ ಪುಟ್ಟ ಸ್ಟೂಲು, ಒಂದು ಬೋಗುಣಿ. ಅಲ್ಲಿ ಕೂತು ಸೋಪು ಹಚ್ಚಿ, ಮೈಯೆಲ್ಲ ತಿಕ್ಕಿ, ಒಂದು ಹನಿ ನೊರೆಯೂ ಉಳಿಯದ ಹಾಗೆ ತೊಳೆದುಕೊಳ್ಳಬೇಕು. ಕೊಳ ಇರುವುದು ಮೈ ತೊಳೆಯಲು ಅಲ್ಲ, ಬಿಸಿನೀರಿನಲ್ಲಿ ಸುಮ್ಮನೆ ಕೂರಲು. ನಮ್ಮಲ್ಲಿ ಪುಷ್ಕರಣಿಗೆ ಇಳಿಯುವ ಮೊದಲು ಕಾಲು ತೊಳೆಯುವ ಹಾಗೆ, ಅಲ್ಲಿ ಇಡೀ ಮೈಯನ್ನೇ ತೊಳೆಯುತ್ತಾರೆ. ಕೂದಲು ಮೇಲಕ್ಕೆ ಕಟ್ಟಿರಬೇಕು, ನೀರಿಗೆ ತಾಗಬಾರದು. ಟವೆಲ್ಲೂ ನೀರಿಗೆ ತಾಗಬಾರದು. ಮಡಿಸಿ ತಲೆಯ ಮೇಲಿಟ್ಟುಕೊಳ್ಳಿ, ಇಲ್ಲವೇ ದಂಡೆಯ ಮೇಲೆ ಇಡಿ.

ಯಾರಾದರೂ ನೋಡುತ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ನೋಡುವುದಿಲ್ಲ. ಅಜ್ಜಿಯಂದಿರು, ಮಕ್ಕಳ ತಾಯಂದಿರು, ಕಾಲೇಜು ಹುಡುಗಿಯರು ಎಲ್ಲರೂ ಇರುತ್ತಾರೆ. ಅವರಿಗೆ ಇದು ಚಿಕ್ಕಂದಿನಿಂದ ಅಭ್ಯಾಸ. ನಾನು ಇಲ್ಲಿಗೆ ಕಳಿಸಿದ ಕನ್ನಡದ ಹೆಂಗಸರಲ್ಲಿ ಎಷ್ಟೋ ಜನ ಹೇಳಿದ್ದು ಒಂದೇ: ಕಷ್ಟ ಆಗಿದ್ದು ಬಟ್ಟೆ ಬಿಚ್ಚುವ ಮೊದಲ ಎರಡು ನಿಮಿಷ ಮಾತ್ರ. ಅಪರಿಚಿತರಿಗಿಂತ ಅತ್ತೆಯ ಜೊತೆಯೇ ಮುಜುಗರ ಜಾಸ್ತಿ ಅಂದವರೂ ಇದ್ದಾರೆ. ಅದು ಸಹಜವೇ. ಅದಕ್ಕೆ ದಾರಿಯೂ ಇದೆ. ಹಲವು ರ್ಯೋಕಾನ್‌ಗಳಲ್ಲಿ ಒಂದು ಕುಟುಂಬಕ್ಕೋ ಒಬ್ಬರಿಗೋ ಸ್ವಲ್ಪ ಹೊತ್ತು ಬಿಟ್ಟುಕೊಡುವ ಖಾಸಗಿ ಕೊಳ ಇರುತ್ತದೆ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದು. ಇದಕ್ಕೆ ಕಾಶಿಕಿರಿ ಅನ್ನುತ್ತಾರೆ. ಬುಕ್ ಮಾಡುವಾಗ ಮಗ ಆ ಸೌಲಭ್ಯ ಇರುವ ಜಾಗವನ್ನೇ ಹುಡುಕಲಿ. ಮೊದಲ ಸ್ನಾನ ಅಲ್ಲಿ ಆಗಲಿ. ಧೈರ್ಯ ಬಂದರೆ ಬೆಳಿಗ್ಗೆ ಊರಿನ ಸ್ನಾನಗೃಹಕ್ಕೆ ಹೋಗಿ.

ಮಾಂಗಲ್ಯ, ಕಾಲುಂಗುರ ತೆಗೆಯಬೇಕಾ ಅನ್ನುವ ಪ್ರಶ್ನೆಯೂ ಬಂದೇ ಬರುತ್ತದೆ. ಕಿನೊಸಾಕಿಯ ನೀರು ಉಪ್ಪಿನಂಶದ್ದು. ಬಂಗಾರಕ್ಕೆ ಏನೂ ಆಗುವುದಿಲ್ಲ. ಸರವನ್ನು ಚಿಕ್ಕದಾಗಿ ಸುತ್ತಿ ಕುತ್ತಿಗೆಗೆ ಹತ್ತಿರ ಮಾಡಿಕೊಳ್ಳಿ, ಅಷ್ಟು ಸಾಕು. ಗಂಧಕದ ನೀರಿರುವ ಊರುಗಳಲ್ಲಿ ಮಾತ್ರ ಬೆಳ್ಳಿಯ ಕಾಲುಂಗುರ ಒಂದೇ ಸ್ನಾನಕ್ಕೆ ಕಪ್ಪಾಗುತ್ತದೆ. ಟೋಕಿಯೊ ಕಡೆಯಿಂದ ಹೋಗುವ ಕುಸಾತ್ಸು ಅಂಥ ಊರು. ಅಲ್ಲಿನ ನೀರು ಗಂಧಕದ್ದು ಅಷ್ಟೇ ಅಲ್ಲ, ಜೋರಾದ ಹುಳಿ ನೀರು. ನಿಮ್ಮಲ್ಲಿ ಯಾರಿಗಾದರೂ ಹಚ್ಚೆ ಇದ್ದರೂ ಚಿಂತೆ ಇಲ್ಲ. ಜಪಾನಿನಲ್ಲಿ ಹಲವು ಕಡೆ ಹಚ್ಚೆ ಇದ್ದವರನ್ನು ಬಿಡುವುದಿಲ್ಲ, ಕಿನೊಸಾಕಿಯ ಸಾರ್ವಜನಿಕ ಸ್ನಾನಗೃಹಗಳಲ್ಲಿ ಬಿಡುತ್ತಾರೆ.

ಅತ್ತೆಯವರ ಆರೋಗ್ಯದ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಇಂಥ ಕೊಳಗಳ ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಇರುತ್ತದೆ. ಕೈಗೆ ಹಿತ ಅನ್ನಿಸುವ ಆ ಬಿಸಿ ಕುತ್ತಿಗೆಯವರೆಗೆ ಮುಳುಗಿದಾಗ ಬೇರೆಯೇ ಆಗುತ್ತದೆ. ಚಳಿಯ ಕೋಣೆಯಿಂದ ಬಂದು ಬಿಸಿನೀರಿಗೆ ಇಳಿದಾಗ ಬಿಪಿ ಒಮ್ಮೆಗೇ ಏರುತ್ತದೆ. ಆಮೇಲೆ ಮೈ ಕಾದು ರಕ್ತನಾಳ ಹಿಗ್ಗಿದಾಗ ಇಳಿಯುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಕೊಳದಿಂದ ಥಟ್ಟನೆ ಎದ್ದರೆ ತಲೆ ಸುತ್ತುವುದು ಇದಕ್ಕೇ. ಹೊರಡುವ ಮೊದಲು ಮೈಸೂರಿನಲ್ಲೇ ಅವರ ಡಾಕ್ಟರ್ ಹತ್ತಿರ ಕೇಳಿ. ಹೃದಯದ ತೊಂದರೆ ಇದ್ದರೆ, ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ, ಮಂಡಿ ಊದಿಕೊಂಡು ಕೆಂಪಾಗಿದ್ದರೆ ಮುಳುಗುವ ಸ್ನಾನ ಬೇಡ.

ಡಾಕ್ಟರ್ ಸರಿ ಅಂದರೆ, ಮೊದಲು ಬೋಗುಣಿಯಲ್ಲಿ ಬಿಸಿನೀರು ತೆಗೆದು ಕಾಲಿನಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ ಹಾಕಿಕೊಳ್ಳಲಿ. ಆಮೇಲೆ ಕೊಳದ ಮೆಟ್ಟಿಲ ಮೇಲೆ ಸೊಂಟದವರೆಗೆ ಮಾತ್ರ ನೀರಿರುವ ಹಾಗೆ ಕೂರಲಿ. ಮೂರರಿಂದ ಐದು ನಿಮಿಷ ಸಾಕು. ಹೊರಗೆ ಬಂದು ಕೂತು ನೀರು ಕುಡಿಯಲಿ. ಊಟ ಆದ ಕೂಡಲೇ ಬೇಡ, ಕಡೇ ಪಕ್ಷ ಒಂದು ಗಂಟೆ ಬಿಡಿ. ಅವರನ್ನು ಒಬ್ಬರನ್ನೇ ಬಿಡಬೇಡಿ. ಮೊಮ್ಮಗ ಹೆಂಗಸರ ಕಡೆ ಬರುವ ಹಾಗಿಲ್ಲ, ಹಾಗಾಗಿ ಆ ಹೊತ್ತು ಪೂರ್ತಿ ನಿಮ್ಮ ಕಣ್ಣು ಅವರ ಮೇಲಿರಬೇಕು. ನೆಲ ಜಾರುತ್ತದೆ, ಕೈ ಹಿಡಿದುಕೊಂಡೇ ನಡೆಸಿ.

ಏನೇ ಅನುಮಾನ ಇದ್ದರೂ ಕಾಲು ಸ್ನಾನ ಇದೆಯಲ್ಲ. ಬೀದಿ ಬದಿಯಲ್ಲೇ ಬೆಂಚು ಹಾಕಿ, ಮುಂದೆ ಬಿಸಿನೀರಿನ ತೊಟ್ಟಿ ಕಟ್ಟಿದ್ದಾರೆ. ಊರಿನಲ್ಲಿ ಅಂಥವು ಹಲವು ಇವೆ. ಸೀರೆಯನ್ನು ಸ್ವಲ್ಪ ಎತ್ತಿ ಕಾಲು ಇಳಿಬಿಟ್ಟು ಕೂತರೆ ಆಯಿತು. ನವೆಂಬರ್ ಚಳಿಯಲ್ಲಿ ಅದೇ ಒಂದು ಸುಖ. ಅತ್ತೆಯವರು ಅಲ್ಲಿ ಕೂತು ಬೀದಿ ನೋಡುತ್ತಾ ಇರಬಹುದು.

ಈ ನೀರಿನಿಂದ ರೋಗ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೈ ಬೆಚ್ಚಗಾಗುತ್ತದೆ, ಬಿಗಿದ ಸ್ನಾಯು ಸಡಿಲವಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಅದು ನಿಜ. ಉಪ್ಪಿನ ನೀರು ಚರ್ಮದ ಮೇಲೆ ತೆಳ್ಳಗೆ ಕೂರುವುದರಿಂದ ಬಿಸಿ ಬೇಗ ಆರುವುದಿಲ್ಲ. ಇನ್ನೊಂದು ವಿಷಯ. ಕಿನೊಸಾಕಿಯಲ್ಲಿ ಬುಗ್ಗೆಗಳ ನೀರನ್ನೆಲ್ಲ ಒಂದೆಡೆ ಸೇರಿಸಿ ಪೈಪಿನಲ್ಲಿ ಊರಿಗೆಲ್ಲ ಹಂಚುತ್ತಾರೆ. ಏಳು ಸ್ನಾನಗೃಹಗಳಲ್ಲೂ ಬರುವುದು ಒಂದೇ ನೀರು. ಹಾಗಾಗಿ ಏಳನ್ನೂ ಮುಗಿಸಲೇಬೇಕು ಅಂತ ಓಡಬೇಡಿ. ಆ ಓಟದಲ್ಲೇ ಜನ ಸುಸ್ತಾಗುತ್ತಾರೆ. ಎರಡು ಸಾಕು, ಮೂರು ಜಾಸ್ತಿ.

ನನ್ನನ್ನು ಕೇಳಿದರೆ ಗೊಶೊನೊಯು ಮತ್ತು ಕೋನೊಯು. ಗೊಶೊನೊಯುದಲ್ಲಿ ತೆರೆದ ಕೊಳದ ಎದುರಿಗೇ ಬೆಟ್ಟದ ಇಳಿಜಾರು, ಸಣ್ಣ ಜಲಪಾತ. ನವೆಂಬರ್ ಕೊನೆಯ ಹೊತ್ತಿಗೆ ಅಲ್ಲಿನ ಮರಗಳು ಕೆಂಪಾಗುತ್ತವೆ. ಕೋನೊಯು ನಿಲ್ದಾಣದಿಂದ ದೂರ, ಜನ ಸ್ವಲ್ಪ ಕಡಿಮೆ. ಕಾಲಿಗೆ ಗಾಯವಾದ ಕೊಕ್ಕರೆಯೊಂದು ಇಲ್ಲಿನ ನೀರಿನಲ್ಲಿ ನಿಂತು ವಾಸಿ ಮಾಡಿಕೊಂಡಿತು ಅನ್ನುವುದು ಅದರ ಐತಿಹ್ಯ. ಮಂದಾರಯುದ್ದು ಬೇರೆ ಕಥೆ. ದೋಚಿ ಅನ್ನುವ ಸನ್ಯಾಸಿ ಸಾವಿರ ದಿನ ಪ್ರಾರ್ಥನೆ ಮಾಡಿದ ಮೇಲೆ 720ರಲ್ಲಿ ಅಲ್ಲಿ ಬಿಸಿನೀರು ಚಿಮ್ಮಿತಂತೆ. ಪ್ರತಿ ಸ್ನಾನಗೃಹಕ್ಕೂ ವಾರದಲ್ಲಿ ಒಂದು ರಜೆ ಇರುತ್ತದೆ, ರಿಪೇರಿಗೆ ಅಂತ ಹೆಚ್ಚು ದಿನ ಮುಚ್ಚುವುದೂ ಉಂಟು. ನೀವು ಹೋಗುವ ದಿನ ಯಾವುದು ತೆರೆದಿದೆ ಅಂತ ರ್ಯೋಕಾನ್‌ನಲ್ಲಿ ಕೇಳಿ.

ಈಗ ಊಟ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಿನೊಸಾಕಿ ಏಡಿಯ ಊರು. ಈ ಕರಾವಳಿಯಲ್ಲಿ ಹಿಮ ಏಡಿ ಹಿಡಿಯುವ ಕಾಲ ನವೆಂಬರ್ 6ಕ್ಕೆ ಶುರುವಾಗಿ ಮಾರ್ಚ್‌ವರೆಗೆ ಇರುತ್ತದೆ. ಏಡಿ ಊಟಕ್ಕೆಂದೇ ಒಸಾಕಾ, ಕ್ಯೋಟೊದಿಂದ ಜನ ಬರುತ್ತಾರೆ. ರ್ಯೋಕಾನ್ ದರ ಕೋಣೆಯ ಲೆಕ್ಕದಲ್ಲಿ ಇರುವುದಿಲ್ಲ, ತಲೆಯ ಲೆಕ್ಕದಲ್ಲಿ ಇರುತ್ತದೆ, ರಾತ್ರಿ ಊಟ ಮತ್ತು ಬೆಳಗಿನ ತಿಂಡಿ ಸೇರಿಸಿ. ಏಡಿಯ ಕಾಲದಲ್ಲಿ ಆ ದರ ಬಹಳ ಏರುತ್ತದೆ. ನೀವು ಮುಟ್ಟದ ಏಡಿಗೆ ನಾಲ್ಕು ಜನರ ದುಡ್ಡು ಕೊಟ್ಟ ಹಾಗಾಗುತ್ತದೆ. ಸಾಧ್ಯವಾದರೆ ನವೆಂಬರ್ 6ರ ಮೊದಲೇ ಹೋಗಿ. ಆಗದಿದ್ದರೆ ವಾರದ ನಡುವಿನ ದಿನ ನೋಡಿ, ಊಟ ಇಲ್ಲದ ಅಥವಾ ಬೆಳಗಿನ ತಿಂಡಿ ಮಾತ್ರ ಇರುವ ಕೋಣೆ ಕೇಳಿ. ಊಟ ಇಲ್ಲದ ಕೋಣೆಗೆ ಸುದೊಮಾರಿ ಅನ್ನುತ್ತಾರೆ.

ಇನ್ನು ಸಸ್ಯಾಹಾರ. ಜಪಾನಿನ ಅಡುಗೆಯ ಬುಡದಲ್ಲೇ ದಾಶಿ ಇದೆ. ಒಣಗಿಸಿದ ಮೀನಿನ ತೆಳ್ಳನೆ ಹೆರೆತ ಮತ್ತು ಸಮುದ್ರದ ಪಾಚಿಯನ್ನು ನೀರಿಗೆ ಹಾಕಿ ತೆಗೆದ ತಿಳಿ ಸಾರು ಅದು. ಮಿಸೊ ಸೂಪಿನಲ್ಲಿ, ಉದೊನ್ ಶ್ಯಾವಿಗೆಯ ಸಾರಿನಲ್ಲಿ, ಬೇಯಿಸಿದ ತರಕಾರಿಯಲ್ಲಿ, ತೋಫು ಮೇಲೆ ಸುರಿಯುವ ರಸದಲ್ಲಿ, ಎಲ್ಲದರಲ್ಲೂ ಇರುತ್ತದೆ. ಕಣ್ಣಿಗೆ ಮೀನು ಕಾಣುವುದಿಲ್ಲ. ಬಟ್ಟಲಲ್ಲಿ ಎರಡು ತುಂಡು ಕುಂಬಳಕಾಯಿ, ಒಂದು ಬೀನ್ಸು, ಮೇಲೆ ಹೊಳೆಯುವ ರಸ. ನೋಡಿದರೆ ಅಚ್ಚ ಸಸ್ಯಾಹಾರ. ಆ ರಸವೇ ಮೀನಿನದು. "ನಾವು ಸಸ್ಯಾಹಾರಿಗಳು" ಅಂತಷ್ಟೇ ಹೇಳಿದರೆ ಅವರು ಮಾಂಸ, ಮೀನಿನ ತುಂಡು ತೆಗೆದು ಉಳಿದದ್ದನ್ನು ಕೊಡುತ್ತಾರೆ. ಅವರ ತಪ್ಪೇನೂ ಇಲ್ಲ, ಅವರ ಲೆಕ್ಕದಲ್ಲಿ ಅದು ತರಕಾರಿಯೇ. ಅದಕ್ಕೇ "ಸಕಾನ ನೊ ದಾಶಿ ಮೊ ದಮೆ ದೆಸು" ಅಂತ ಸೇರಿಸಬೇಕು. ಮೀನಿನ ದಾಶಿಯೂ ಆಗುವುದಿಲ್ಲ ಅಂತ. ಮೊಟ್ಟೆಯ ಮಾತನ್ನೂ ಬೇರೆಯಾಗಿ ಹೇಳಬೇಕು. ಇದನ್ನು ಊಟಕ್ಕೆ ಕೂತ ಮೇಲೆ ಹೇಳಿದರೆ ಪ್ರಯೋಜನವಿಲ್ಲ. ಬುಕ್ ಮಾಡುವಾಗಲೇ ಮಗ ಜಪಾನಿ ಭಾಷೆಯಲ್ಲಿ ಬರೆದು ಕೇಳಲಿ. ಪಾಚಿ ಮತ್ತು ಅಣಬೆಯ ದಾಶಿಯಿಂದ ಮಾಡಿಕೊಡುತ್ತೇವೆ ಅಂತ ಒಪ್ಪುವ ರ್ಯೋಕಾನ್ ಸಿಕ್ಕಿದರೆ ಬಿಡಬೇಡಿ, ಆ ಊಟ ನಿಜಕ್ಕೂ ಚೆನ್ನಾಗಿರುತ್ತದೆ. ಆಗುವುದಿಲ್ಲ ಅಂದರೆ ಸುದೊಮಾರಿಯೇ ಗತಿ.

ಆಗ ಎಂಟಿಆರ್ ಪೊಟ್ಟಣ, ಚಟ್ನಿಪುಡಿ, ಅವಲಕ್ಕಿ ಜೊತೆಗಿರಲಿ. ಬಿಳಿ ಅನ್ನ ಕನ್‌ವೀನಿಯನ್ಸ್ ಅಂಗಡಿಯಲ್ಲಿ ಪ್ಯಾಕೆಟ್‌ನಲ್ಲಿ ಸಿಗುತ್ತದೆ, ಅಲ್ಲೇ ಬಿಸಿ ಮಾಡಿಕೊಡುತ್ತಾರೆ. ಬಿಸಿನೀರಿನ ಕೆಟಲ್ ಕೋಣೆಯಲ್ಲೇ ಇರುತ್ತದೆ. ಕೋಣೆಯಲ್ಲಿ ಒಲೆ ಹಚ್ಚುವುದಾಗಲಿ ಒಗ್ಗರಣೆ ಹಾಕುವುದಾಗಲಿ ಬೇಡ. ಚಾಪೆಯ ನೆಲ ವಾಸನೆ ಹೀರಿಕೊಳ್ಳುತ್ತದೆ. ನಿಮ್ಮ ಮುಖ್ಯ ಆಸೆ ಜಪಾನಿನ ಶುದ್ಧ ಸಸ್ಯಾಹಾರ ಉಣ್ಣುವುದೇ ಆದರೆ ಕೋಯಾಸಾನ್‌ಗೆ ಬೇರೆಯಾಗಿ ಒಂದು ರಾತ್ರಿ ಹೋಗಿ. ಒಸಾಕಾದಿಂದ ದಕ್ಷಿಣಕ್ಕಿರುವ ಬೆಟ್ಟದ ಮೇಲಿನ ಬೌದ್ಧ ಮಠಗಳ ಊರು ಅದು. ಮಠದಲ್ಲೇ ತಂಗಬಹುದು, ಅಲ್ಲಿನ ಊಟದಲ್ಲಿ ಮೀನು ಮಾಂಸ ಇರುವುದಿಲ್ಲ.

ಕೋಣೆ ಕೇಳುವಾಗ ಮಂಡಿಯ ವಿಷಯವನ್ನೂ ಮರೆಯಬೇಡಿ. ರ್ಯೋಕಾನ್‌ನಲ್ಲಿ ನೆಲದ ಮೇಲೆ ಹಾಸಿಗೆ, ನೆಲದ ಮೇಲೆ ಕೂತು ಊಟ. ಮಂಚ ಇರುವ ಕೋಣೆಗಳೂ ಈಗ ಬಂದಿವೆ. ಮಂಚ, ಕುರ್ಚಿ, ಲಿಫ್ಟ್ ಮೂರನ್ನೂ ಕೇಳಿ. ಹಳೇ ಮರದ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಕಡಿದಾಗಿರುತ್ತದೆ.

ಒಸಾಕಾದಿಂದ ನೇರ ಎಕ್ಸ್‌ಪ್ರೆಸ್ ರೈಲಿದೆ, ಹೆಚ್ಚು ಕಡಿಮೆ ಎರಡು ಮುಕ್ಕಾಲು ಗಂಟೆಯ ದಾರಿ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಜೆಆರ್ ಕನ್ಸಾಯ್ ವೈಡ್ ಏರಿಯಾ ಪಾಸ್ ಸಿಗುತ್ತದೆ, ಐದು ದಿನದ್ದು. ಕಿನೊಸಾಕಿ ಅದರಲ್ಲಿ ಸೇರಿದೆ. ಆ ಐದು ದಿನದಲ್ಲೇ ಕ್ಯೋಟೊ, ನಾರಾ, ಹಿಮೆಜಿ ನೋಡುವ ಹಾಗಿದ್ದರೆ ನಿಮ್ಮ ಮೂವರಿಗೂ ಲಾಭ. ಮಗ ಅಲ್ಲಿ ಕೆಲಸದಲ್ಲಿರುವುದರಿಂದ ಅವನಿಗೆ ಆ ಪಾಸ್ ಸಿಗುವುದಿಲ್ಲ, ಅವನು ಮಾಮೂಲು ಟಿಕೆಟ್ಟೇ ತೆಗೆಯಬೇಕು. ಆ ಭಾಗದಲ್ಲಿ ಯಾವಾಗ ಬೇಕಾದರೂ ಮಳೆ ಬರುತ್ತದೆ. ಬುತ್ತಿ ಮರೆತರೂ ಕೊಡೆ ಮರೆಯಬೇಡ ಅನ್ನುವುದು ಆ ಕಡೆಯವರ ಗಾದೆ.

ರ್ಯೋಕಾನ್‌ನಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ ಒಳಗೆ ಬಿಡುತ್ತಾರೆ, ಬೆಳಿಗ್ಗೆ 10ಕ್ಕೆ ಖಾಲಿ ಮಾಡಬೇಕು. ಚೀಲ ಅಲ್ಲೇ ಬಿಟ್ಟು ರೋಪ್‌ವೇ ಹತ್ತಿ. ನಡುವಿನ ನಿಲ್ದಾಣದಲ್ಲಿ ಇಳಿದರೆ ಒನ್ಸೆಂಜಿ ದೇವಾಲಯ, 738ರಲ್ಲಿ ಸ್ಥಾಪನೆಯಾದದ್ದು. ಹಿಂದಿನ ಕಾಲದಲ್ಲಿ ಯಾತ್ರಿಕರು ಮೊದಲು ಇಲ್ಲಿಗೆ ಬಂದು ಕೈಮುಗಿದು, ನೀರು ತೋಡುವ ಸೌಟು ಪಡೆದುಕೊಂಡು ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದರು. ಅಲ್ಲಿನ ಮೂಲ ಮೂರ್ತಿ ಹನ್ನೊಂದು ಮುಖದ ಕನ್ನೊನ್, ಅಂದರೆ ನಮ್ಮ ಅವಲೋಕಿತೇಶ್ವರ. ಅತ್ತೆಯವರಿಗೆ ಇದು ಸ್ನಾನಕ್ಕಿಂತ ಹೆಚ್ಚು ಇಷ್ಟವಾದರೂ ಆಶ್ಚರ್ಯವಿಲ್ಲ. ತುದಿಯಿಂದ ಊರು, ಮರುಯಾಮಾ ನದಿ, ದೂರದ ಸಮುದ್ರ ಎಲ್ಲ ಕಾಣುತ್ತದೆ.

ಇನ್ನೂ ಸಮಯ ಇದ್ದರೆ ಟ್ಯಾಕ್ಸಿಯಲ್ಲಿ ಗೆಂಬುದೊಗೆ ಹೋಗಿ. ಹೆಚ್ಚು ದೂರವಿಲ್ಲ. ಲಾವಾ ಆರುವಾಗ ಬಿರಿದು ನಿಂತ ಆರು ಮೂಲೆಯ ಕಲ್ಲಿನ ಕಂಬಗಳು, ಉಡುಪಿಯ ಸೇಂಟ್ ಮೇರಿಸ್ ದ್ವೀಪದಲ್ಲಿ ಇರುವಂಥವೇ. 1926ರಲ್ಲಿ ಮೊತೊನೊರಿ ಮತುಯಾಮಾ ಅನ್ನುವ ಭೂವಿಜ್ಞಾನಿ ಇಲ್ಲಿನ ಕಲ್ಲಿನಲ್ಲಿ ಅಯಸ್ಕಾಂತದ ದಿಕ್ಕು ತಿರುಗುಮುರುಗಾಗಿರುವುದನ್ನು ಕಂಡರು. ಭೂಮಿಯ ಉತ್ತರ ದಕ್ಷಿಣ ಅಯಸ್ಕಾಂತ ಧ್ರುವಗಳು ಹಿಂದೊಮ್ಮೆ ಅದಲುಬದಲಾಗಿದ್ದವು ಎಂಬ ವಾದ ಅವರು ಮುಂದಿಟ್ಟದ್ದು ಇಂಥ ಕಲ್ಲುಗಳ ಆಧಾರದ ಮೇಲೆ. ಯಜಮಾನರಿಗೆ ವಿಜ್ಞಾನದಲ್ಲಿ ಆಸಕ್ತಿ ಇದ್ದರೆ ಇದನ್ನು ತಪ್ಪಿಸಬೇಡಿ. ತೊಯೊಒಕಾದಲ್ಲೇ ಕೊಕ್ಕರೆಗಳ ಉದ್ಯಾನವೂ ಇದೆ. ಜಪಾನಿನ ಕಾಡಿನ ಕೊಕ್ಕರೆ 1971ರಲ್ಲಿ ಈ ಭಾಗದಲ್ಲೇ ಕೊನೆಯಾಯಿತು. ರಷ್ಯಾದಿಂದ ತಂದ ಹಕ್ಕಿಗಳಿಂದ ಮರಿ ಮಾಡಿಸಿ, ಗದ್ದೆಗಳಿಗೆ ವಿಷ ಹಾಕುವುದು ಕಡಿಮೆ ಮಾಡಿ, 2005ರಲ್ಲಿ ಮತ್ತೆ ಹೊರಗೆ ಬಿಟ್ಟರು. ಈಗ ರೈಲಿನ ಕಿಟಕಿಯಿಂದಲೂ ಗದ್ದೆಯಲ್ಲಿ ಅವು ನಿಂತಿರುವುದು ಕಂಡರೆ ಕಾಣಬಹುದು.

ಮಗನಿಗೆ ಈ ವಾರವೇ ಹೇಳಿ: ಏಡಿಯ ಕಾಲಕ್ಕೆ ಮೊದಲಿನ ತಾರೀಕು, ಖಾಸಗಿ ಕೊಳ, ಮಂಚ, ಲಿಫ್ಟ್, ಮೀನಿನ ದಾಶಿ ಇಲ್ಲದ ಊಟ. ಐದಕ್ಕೂ ಹೌದು ಅನ್ನುವ ಜಾಗ ಕಡಿಮೆ. ಎಲ್ಲಕ್ಕೂ ಹೊಂದುವುದು ಸಿಗದಿದ್ದರೆ ರ್ಯೋಕಾನ್‌ನ ಊಟವನ್ನು ಬಿಡಿ, ಮಂಚ ಮತ್ತು ಲಿಫ್ಟ್ ಬಿಡಬೇಡಿ.